ಪಿಂಚಣಿ ದುಡ್ಡಲ್ಲಿ ಬಿಡಾರ: ಉತ್ತರ ಕನ್ನಡದಲ್ಲಿ ವಿಕಲಚೇತನರು ಬಾಡಿಗೆ ಮನೆ ಹಿಡಿಯುವುದು ಹೇಗೆ

ನನ್ನ ಎರಡೂ ಕಾಲಿಗೆ ಪೋಲಿಯೋ. ಮನೆಯೊಳಗೆ ಊರುಗೋಲು, ಹೊರಗೆ ಪಕ್ಕದ ಚಕ್ರ ಹಾಕಿಸಿದ ಸ್ಕೂಟರ್. ಜೊತೆಗೆ ಆಯಿ, ಅಂದರೆ ಅಮ್ಮ. ಹದಿನಾಲ್ಕು ವರ್ಷದಲ್ಲಿ ನಾವಿಬ್ಬರು ಐದು ಬಿಡಾರ ಬದಲಿಸಿದ್ದೇವೆ. ಶಿರಸಿಯಲ್ಲಿ ಮೂರು, ಕುಮಟಾದಲ್ಲಿ ಒಂದು, ಈಗ ಕಾರವಾರದಲ್ಲಿ ಒಂದು. ಮೊದಲ ಮೂರನ್ನು ತಪ್ಪು ತಪ್ಪಾಗಿಯೇ ಹಿಡಿದೆ. ಒಂದರಲ್ಲಿ ಬಚ್ಚಲು ಹಿತ್ತಿಲಿನಲ್ಲಿತ್ತು. ಇನ್ನೊಂದರಲ್ಲಿ ಜೂನ್ ಬಂದ ಮೇಲೆ ಅಂಗಳ ದಾಟಲಿಕ್ಕೇ ಆಗಲಿಲ್ಲ. ಆ ತಪ್ಪುಗಳಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಬರೀ ಪಿಂಚಣಿ ನಂಬಿಕೊಂಡು ಯಾರೂ ನಮಗೆ ಮನೆ ಕೊಡುವುದಿಲ್ಲ. "ಗೊತ್ತಿದ್ದವರು, ತೊಂದರೆ ಇಲ್ಲ" ಅಂತ ಯಾರಾದರೂ ಒಬ್ಬರು ಹೇಳಿದರೆ ಕೊಡುತ್ತಾರೆ. ಹಾಗಾಗಿ ಮನೆ ಹುಡುಕುವ ಮುಂಚೆ ಹಾಗೆ ಹೇಳುವ ಒಬ್ಬರನ್ನು ಹುಡುಕಬೇಕು. ಅದಕ್ಕೂ ಮುಂಚೆ ಲೆಕ್ಕ.

1. ಕೈಗೆ ಬರುವುದೆಷ್ಟು?

ಒಂದು ಹಾಳೆಯಲ್ಲಿ ಬರೆಯಿರಿ. ಮನಸ್ಸಿನಲ್ಲಿ ಲೆಕ್ಕ ಹಾಕಿದರೆ ಯಾವಾಗಲೂ ಜಾಸ್ತಿ ಕಾಣಿಸುತ್ತದೆ.

ಕರ್ನಾಟಕದಲ್ಲಿ ವಿಕಲಚೇತನರ ಮಾಸಾಶನ ಶೇ. 40ರಿಂದ 75ರವರೆಗೆ ವೈಕಲ್ಯ ಇದ್ದವರಿಗೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ 1400. ನನಗೆ 1400 ಬರುತ್ತದೆ. ಆಯಿಗೆ 65 ದಾಟಿದ್ದರಿಂದ ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾದಲ್ಲಿ 1200. ರೇಷನ್ ಕಾರ್ಡಿನಲ್ಲಿ ಆಯಿಯೇ ಯಜಮಾನಿ, ಅದಕ್ಕೆ ಗೃಹಲಕ್ಷ್ಮಿಯ 2000. ಒಟ್ಟು 4600. ಒಬ್ಬರಿಗೇ ಎರಡು ಪಿಂಚಣಿ ಸಿಗುವುದಿಲ್ಲ. ವಿಧವಾ ವೇತನ ಬರುತ್ತಿದ್ದರೆ ಸಂಧ್ಯಾ ಸುರಕ್ಷಾ ಸೇರಿಸಿ ಲೆಕ್ಕ ಹಾಕಬೇಡಿ.

ಇದರಲ್ಲಿ ಗೃಹಲಕ್ಷ್ಮಿ ಹಣವನ್ನು ಬಾಡಿಗೆ ಲೆಕ್ಕಕ್ಕೆ ಹಿಡಿಯಬೇಡಿ ಎಂಬುದು ನನ್ನ ಮಾತು. ಅದು ಒಂದೊಂದು ಸಲ ತಿಂಗಳುಗಟ್ಟಲೆ ತಡವಾಗುತ್ತದೆ, ಆಮೇಲೆ ಎರಡು ಮೂರು ಕಂತು ಒಟ್ಟಿಗೆ ಬರುತ್ತದೆ. ಮನೆಯವರಿಗೆ, ಅಂದರೆ ಮನೆ ಮಾಲೀಕರಿಗೆ, "ಬಂದ ಮೇಲೆ ಕೊಡ್ತೇನೆ" ಅಂತ ಒಂದು ಸಲ ಹೇಳಬಹುದು. ಮೂರನೇ ಸಲ ಹೇಳುವಾಗ ಅವರ ಮುಖ ಬೇರೆ ಆಗಿರುತ್ತದೆ. ಗೃಹಲಕ್ಷ್ಮಿ ಬಂದಾಗ ಅದನ್ನು ಅಡ್ವಾನ್ಸಿಗೋ, ಒಂದು ತಿಂಗಳ ಬಾಡಿಗೆ ಕೈಯಲ್ಲಿ ಇಟ್ಟುಕೊಳ್ಳುವುದಕ್ಕೋ ತೆಗೆದಿಡಿ. ಪಿಂಚಣಿಯೂ ತಪ್ಪದೆ ಒಂದೇ ತಾರೀಕಿಗೆ ಬರುತ್ತದೆ ಅಂತಿಲ್ಲವಲ್ಲ. ಆ ಒಂದು ತಿಂಗಳ ಮೀಸಲು ಇಲ್ಲದೆ ಬಿಡಾರ ಹೂಡಲೇ ಬೇಡಿ ಅನ್ನುತ್ತೇನೆ.

ಉಳಿದದ್ದು ನಿಮ್ಮ ದುಡಿಮೆ. ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಟೇಲರಿಂಗ್, ಹೂ ಕಟ್ಟುವುದು, ಹಪ್ಪಳ, ಟ್ಯೂಷನ್, ಏನಿದ್ದರೂ ಅದೂ ಲೆಕ್ಕವೇ. ಅಂಗಡಿಗೆ ಅಂತ ಆಧಾರ ಯೋಜನೆಯಲ್ಲಿ ಸಾಲ ಸಿಕ್ಕಿದ್ದರೆ ಅದನ್ನು ಮಾತ್ರ ಮನೆ ಅಡ್ವಾನ್ಸಿಗೆ ಎತ್ತಬೇಡಿ. ಅಂಗಡಿಯೂ ಇಲ್ಲ, ಸಾಲವೂ ಉಳಿಯಿತು ಅಂತ ಆಗುತ್ತದೆ.

2. ಒಂದು ಪ್ಲಾಸ್ಟಿಕ್ ಫೈಲು

ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ), ಆಧಾರ್, ರೇಷನ್ ಕಾರ್ಡು, ಪಿಂಚಣಿ ಮಂಜೂರಾತಿ ಆದೇಶ, ಆರು ತಿಂಗಳ ಪಾಸ್‌ಬುಕ್ ಎಂಟ್ರಿ, ಎರಡು ಫೋಟೋ. ಎಲ್ಲದಕ್ಕೂ ಜೆರಾಕ್ಸ್. ಹಳೆಯ ಮನೆಯವರಿಂದ "ಇಷ್ಟು ವರ್ಷ ಇದ್ದರು, ಬಾಡಿಗೆ ಬಾಕಿ ಇಲ್ಲ" ಅಂತ ನಾಲ್ಕು ಸಾಲು ಬರೆಸಿಕೊಂಡರೆ ಅದು ಉಳಿದೆಲ್ಲ ಕಾಗದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಹೋಗಿ. ಪಿಂಚಣಿ ಬಿದ್ದ ಸಾಲನ್ನು ಬೆರಳಿಟ್ಟು ತೋರಿಸಿದರೆ ಮನೆಯವರಿಗೆ ಧೈರ್ಯ ಬರುತ್ತದೆ. ಮೂಲ ಕಾರ್ಡು ಯಾರ ಕೈಯಲ್ಲೂ ಬಿಟ್ಟು ಬರಬೇಡಿ, ಬ್ರೋಕರ್ ಕೈಯಲ್ಲಂತೂ ಬೇಡವೇ ಬೇಡ.

3. ಯಾವ ಊರು, ಯಾವ ಓಣಿ, ಯಾವ ತಿಂಗಳು

ಶಿರಸಿ ಏರಿಳಿತದ ಪೇಟೆ. ನಡೆಯುವವರಿಗೆ ಗೊತ್ತಾಗದ ಏರು ಊರುಗೋಲಿಗೆ ಗೊತ್ತಾಗುತ್ತದೆ. ಮರಾಠಿಕೊಪ್ಪದಲ್ಲೋ ಬನವಾಸಿ ರಸ್ತೆಯಲ್ಲೋ "ಬಸ್ ಸ್ಟ್ಯಾಂಡಿಗೆ ಹತ್ತೇ ನಿಮಿಷ" ಅಂದರೆ, ಹೋಗುವಾಗ ಹತ್ತು ನಿಮಿಷವೋ ಬರುವಾಗ ಹತ್ತು ನಿಮಿಷವೋ ಕೇಳಿ. ಬಾಡಿಗೆ ಮಟ್ಟಿಗೆ ಕರಾವಳಿಯ ದೊಡ್ಡ ಪೇಟೆಗಳಿಗಿಂತ ಶಿರಸಿ ಪರವಾಗಿಲ್ಲ ಎಂಬುದು ನನ್ನ ಅನುಭವ. ಆದರೆ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುತ್ತದೆ. ಆ ವರ್ಷ ಫೆಬ್ರವರಿ, ಮಾರ್ಚಿನಲ್ಲಿ ಮನೆ ಕೇಳಲು ಹೋಗಬೇಡಿ. ಖಾಲಿ ಇರುವ ಕೋಣೆಯೂ ನೆಂಟರಿಗೆ ಅಂತ ಹಿಡಿದಿಟ್ಟಿರುತ್ತಾರೆ. ಜಾತ್ರೆ ಮುಗಿದು ಹದಿನೈದು ದಿನಕ್ಕೆ ಕೇಳಿದರೆ ಅದೇ ಕೋಣೆ ಸಿಗುತ್ತದೆ.

ಕಾರವಾರ ಸಮುದ್ರದ ಬದಿಗೆ ಸಪಾಟು. ಚಕ್ರದ ಕುರ್ಚಿಗೆ ಒಳ್ಳೆಯದು. ಜಿಲ್ಲಾ ಕಚೇರಿ, ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಎರಡೂ ಇಲ್ಲೇ. ತಿಂಗಳಿಗೆರಡು ಸಲ ಆಸ್ಪತ್ರೆಗೆ ಹೋಗುವವರಿಗೆ ರಿಕ್ಷಾ ಖರ್ಚು ಉಳಿಯುತ್ತದೆ. ಆದರೆ ನೌಕಾನೆಲೆ, ಕೈಗಾ ಎರಡರ ನೌಕರರೂ ಇಲ್ಲೇ ಮನೆ ಹುಡುಕುತ್ತಾರೆ. ಸಂಬಳದವರ ಜೊತೆ ನಾವು ಬಾಡಿಗೆಯಲ್ಲಿ ಪೈಪೋಟಿ ಮಾಡಲಿಕ್ಕೆ ಆಗುವುದಿಲ್ಲ. ಅವರು ಬೇಡ ಅನ್ನುವ ಮನೆ ಯಾವುದು ನೋಡಿ. ಹೆಂಚಿನ ಮನೆ, ಒಂದೇ ಕೋಣೆ, ಕಾರು ನಿಲ್ಲಿಸಲು ಜಾಗ ಇಲ್ಲದ್ದು. ನಮಗೆ ಅದರಿಂದ ನಷ್ಟ ಇಲ್ಲ.

ಗೋಕರ್ಣ, ಮುರ್ಡೇಶ್ವರದ ದೇವಸ್ಥಾನ ಮತ್ತು ಬೀಚಿನ ಬದಿ ಬಿಟ್ಟುಬಿಡಿ. ದಿನಕ್ಕೆ ಇಷ್ಟು ಅಂತ ಪ್ರವಾಸಿಗರಿಗೆ ಕೊಡುವ ರೂಮನ್ನು ನಮಗೆ ತಿಂಗಳ ಲೆಕ್ಕದಲ್ಲಿ ಯಾಕೆ ಕೊಡುತ್ತಾರೆ? ಕೊಟ್ಟರೂ ಮಳೆಗಾಲಕ್ಕೆ ಮಾತ್ರ ಕೊಟ್ಟು ಅಕ್ಟೋಬರಿನಲ್ಲಿ ಬಿಡಿ ಅನ್ನುತ್ತಾರೆ.

ಇನ್ನು ನೆರೆ ಮತ್ತು ಗುಡ್ಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗೆ ಗುಡ್ಡ ಕುಸಿದದ್ದು ಯಾರೂ ಮರೆತಿಲ್ಲ. ಕಡಿದ ಗುಡ್ಡದ ಬುಡದಲ್ಲಿರುವ ಮನೆ ಎಷ್ಟೇ ಕಡಿಮೆಗೆ ಸಿಕ್ಕರೂ ನಮಗೆ ಬೇಡ. ಉಳಿದವರು ಓಡುತ್ತಾರೆ, ನಾವು ಓಡುವವರಲ್ಲ. ಕಾಳಿ, ಗಂಗಾವಳಿ ದಂಡೆಯ ಊರುಗಳಲ್ಲಿ ಒಂದೇ ಪ್ರಶ್ನೆ ಕೇಳಿ: "2019ರ ನೆರೆಯಲ್ಲಿ ಇಲ್ಲಿಗೆ ನೀರು ಬಂದಿತ್ತಾ?" ಮನೆಯವರನ್ನು ಕೇಳಬೇಡಿ. ಪಕ್ಕದ ಮನೆಯವರನ್ನು ಕೇಳಿ. ಗೋಡೆಯಲ್ಲಿ ಎಲ್ಲಿವರೆಗೆ ಬಂದಿತ್ತು ಅಂತ ಕೈ ಮಾಡಿ ತೋರಿಸುತ್ತಾರೆ.

4. ಯಾರನ್ನು ಕೇಳುವುದು

ಮೊಬೈಲಿನಲ್ಲಿ ಜಾಹೀರಾತು ನೋಡಿ ಸಿಗುವ ಮನೆ ಹೆಚ್ಚಾಗಿ ನಮ್ಮ ಬಜೆಟ್ಟಿನದ್ದಲ್ಲ. ನಮ್ಮ ಬಜೆಟ್ಟಿನ ಮನೆಗೆ ಬೋರ್ಡೂ ಇರುವುದಿಲ್ಲ. ಅದು ಬಾಯಿಂದ ಬಾಯಿಗೆ ಹೋಗುತ್ತದೆ. ಓಣಿಯ ಕಿರಾಣಿ ಅಂಗಡಿ, ರಿಕ್ಷಾ ಸ್ಟ್ಯಾಂಡು, ಹಾಲು ಹಾಕುವವರು, ಪೋಸ್ಟ್‌ಮ್ಯಾನ್, ಸಿಲಿಂಡರ್ ತರುವ ಹುಡುಗ. ಯಾವ ಮನೆ ಖಾಲಿ ಆಗುತ್ತದೆ ಅಂತ ಇವರಿಗೆ ಒಂದು ತಿಂಗಳು ಮೊದಲೇ ಗೊತ್ತಿರುತ್ತದೆ. ನನ್ನ ನಾಲ್ಕನೇ ಬಿಡಾರ ಸಿಕ್ಕಿದ್ದು ಒಬ್ಬ ರಿಕ್ಷಾದವನಿಂದ. ಅವನೇ ಹೋಗಿ ಮನೆಯವರ ಹತ್ತಿರ "ಭಾವ, ಇವ್ರು ನಮ್ಮ ಗಿರಾಕಿ, ಪಾಪ ಅಲ್ಲ, ಗಟ್ಟಿ ಮನುಷ್ಯ" ಅಂದಿದ್ದ. ಆ "ಪಾಪ ಅಲ್ಲ" ಅನ್ನುವ ಮಾತಿಗೇ ನನಗೆ ಮನೆ ಸಿಕ್ಕಿತು ಅಂತ ಈಗಲೂ ಅನಿಸುತ್ತದೆ.

ಇನ್ನೊಂದು ಬಾಗಿಲು ಇದೆ. ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕು ಪಂಚಾಯ್ತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಪೇಟೆಯಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಅಂತ ಇರುತ್ತಾರೆ. ವಿಆರ್‌ಡಬ್ಲ್ಯೂ, ಎಂಆರ್‌ಡಬ್ಲ್ಯೂ, ಯುಆರ್‌ಡಬ್ಲ್ಯೂ ಅಂದರೆ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಹೆಚ್ಚಿನವರು ಸ್ವತಃ ವಿಕಲಚೇತನರೇ. ಮನೆ ಹುಡುಕಿಕೊಡುವುದು ಅವರ ಕೆಲಸ ಅಲ್ಲ, ನಿಜ. ಆದರೆ ಯಾವ ಓಣಿಯಲ್ಲಿ ನಮ್ಮಂಥವರು ಈಗಾಗಲೇ ಬಾಡಿಗೆಗೆ ಇದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ. ಒಬ್ಬರಿಗೆ ಮನೆ ಕೊಟ್ಟ ಒಡೆಯರು ಇನ್ನೊಬ್ಬರಿಗೂ ಕೊಡುತ್ತಾರೆ.

ಬ್ರೋಕರ್ ಅನಿವಾರ್ಯವಾದರೆ ಕಮಿಷನ್ ಎಷ್ಟು ಅಂತ ಮೊದಲೇ ಮಾತಾಡಿ. ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕೇಳುತ್ತಾರೆ. ಮನೆ ತೋರಿಸಲಿಕ್ಕೇ ದುಡ್ಡು ಕೇಳಿದರೆ ಎದ್ದು ಬನ್ನಿ.

5. ಮೊದಲ ಫೋನು

ಇದನ್ನು ಹೇಗೆ ಮಾಡಬೇಕು ಅಂತ ನನಗೆ ತಿಳಿಯಲು ಹತ್ತು ವರ್ಷ ಬೇಕಾಯಿತು. ಮೊದಮೊದಲು ಕಾಲಿನ ವಿಷಯ ಹೇಳುತ್ತಲೇ ಇರಲಿಲ್ಲ. ಮನೆ ನೋಡಲು ಹೋದಾಗ ಗೇಟಿನಲ್ಲೇ ಅವರ ಮುಖ ಬದಲಾಗುತ್ತಿತ್ತು. "ಅಯ್ಯೋ, ನಿನ್ನೆಯಷ್ಟೇ ಬೇರೆಯವರಿಗೆ ಆಯ್ತು" ಅನ್ನುತ್ತಿದ್ದರು. ಆಮೇಲೆ ಫೋನಿನಲ್ಲೇ ಎಲ್ಲ ಹೇಳತೊಡಗಿದೆ. ಆಗ ಮನೆ ನೋಡಲಿಕ್ಕೂ ಕರೆಯಲಿಲ್ಲ.

ಈಗ ಮಾಡುವುದು ಹೀಗೆ. ಫೋನಿನಲ್ಲಿ ಮೂರೇ ಮಾತು: ಯಾರು ಕಳಿಸಿದ್ದು, ಮನೆಯಲ್ಲಿ ಎಷ್ಟು ಜನ, ಏನು ಕೆಲಸ. "ಹೆಗಡೇರೇ, ಮೂಲೆ ಅಂಗಡಿಯವರು ನಂಬರ್ ಕೊಟ್ರು. ನಾನು ಮತ್ತೆ ಆಯಿ ಇಬ್ರೇ. ನಾನು ಡಿಟಿಪಿ ಮಾಡ್ತೆ. ಮನೆ ನೆಲಮಟ್ಟದ್ದಾ, ಮೆಟ್ಟಿಲು ಎಷ್ಟಿದೆ?" ಮೆಟ್ಟಿಲಿನ ಪ್ರಶ್ನೆ ಕೇಳಿದ ಕೂಡಲೇ "ಯಾಕೆ, ವಯಸ್ಸಾದವರು ಇದ್ದಾರಾ?" ಅನ್ನುತ್ತಾರೆ. ಆಗ ಹೇಳುವುದು: "ನಾನು ಕೋಲು ಹಿಡಿದು ನಡೆಯುವವ. ನನ್ನ ಕೆಲಸ ನಾನೇ ಮಾಡ್ಕೊಳ್ತೆ." ಹೀಗೆ ಮಾತಿನ ನಡುವೆ ಬಂದರೆ ಅದು ಮಾತಿನ ಒಂದು ಭಾಗ ಆಗಿಬಿಡುತ್ತದೆ. ತುದಿಯಲ್ಲಿ ಹೇಳಿದರೆ ಬಚ್ಚಿಟ್ಟ ಹಾಗೆ ಕೇಳಿಸುತ್ತದೆ.

ಕಾರವಾರದ ಕಡೆ ಎರಡು ಮಾತು ಕೊಂಕಣಿ ಬಂದರೆ ಅದರಲ್ಲೇ ಶುರು ಮಾಡಿ. ಬಾಗಿಲು ಸ್ವಲ್ಪ ಜಾಸ್ತಿಯೇ ತೆರೆಯುತ್ತದೆ.

ಮನೆಯವರ ನಿಜವಾದ ಹೆದರಿಕೆ ಏನು ಗೊತ್ತಾ? ಬಾಡಿಗೆ ಬರುವುದೋ ಇಲ್ಲವೋ ಅಂತ ಅರ್ಧ. ಉಳಿದರ್ಧ "ಬಿದ್ದುಗಿದ್ದು ಏನಾದ್ರೂ ಆದ್ರೆ ನಮಗೆ ತಲೆಬಿಸಿ" ಅಂತ. ಇದನ್ನು ಅವರು ಬಾಯಿ ಬಿಟ್ಟು ಹೇಳುವುದಿಲ್ಲ. ನೀವೇ ಹೇಳಿ. ತುರ್ತಿಗೆ ಬರುವ ಇಬ್ಬರ ಹೆಸರು, ನಂಬರು ಒಂದು ಚೀಟಿಯಲ್ಲಿ ಬರೆದು ಕೊಡಿ. ನನ್ನ ಮಾವನ ಮಗ ಮತ್ತು ಒಬ್ಬ ಗೆಳೆಯನ ನಂಬರು ಹಾಗೆ ಕೊಟ್ಟಿದ್ದೆ. ಕಾರವಾರದ ಮನೆಯ ಅಕ್ಕ ಆ ಚೀಟಿಯನ್ನು ಈಗಲೂ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಇಟ್ಟಿದ್ದಾರೆ.

ಇನ್ನೊಂದು ಪ್ರಶ್ನೆ ಬರುತ್ತದೆ, ಶಿರಸಿ ಕಡೆಯಂತೂ ಬಂದೇ ಬರುತ್ತದೆ. "ನಿಮ್ದು ಯಾವ ಪೈಕಿ? ಮೀನು ಗೀನು ತಿಂತ್ರಾ?" ಕೆಲವರಿಗೆ ಇದೇ ಕಾಲಿಗಿಂತ ದೊಡ್ಡ ಅಡ್ಡಿ. ಸಿಟ್ಟು ಬರುತ್ತದೆ. ಆದರೆ ಸುಳ್ಳು ಹೇಳಿ ಮನೆ ಹಿಡಿಯಬೇಡಿ. ಆಮೇಲೆ ದಿನಾ ಕಿಟಕಿ ಮುಚ್ಚಿ ಅಡುಗೆ ಮಾಡಬೇಕು. ಹಾಗೆ ಇರುವುದು ಬಿಡಾರ ಅಲ್ಲ.

6. ಮನೆ ನೋಡುವಾಗ ಬಚ್ಚಲಿನಿಂದ ಶುರು ಮಾಡಿ

ಮನೆಯವರು ಹಾಲ್ ತೋರಿಸುತ್ತಾರೆ, ದೇವರ ಮೂಲೆ ತೋರಿಸುತ್ತಾರೆ, ಹೊಸ ಬಣ್ಣ ತೋರಿಸುತ್ತಾರೆ. ನೀವು ಸೀದಾ ಬಚ್ಚಲಿಗೆ ಹೋಗಿ. ಬಚ್ಚಲು ಆಗದಿದ್ದರೆ ಉಳಿದದ್ದು ನೋಡುವುದೇ ಬೇಡ. ಒಂದು ಅಳತೆ ಟೇಪು ಜೇಬಿನಲ್ಲಿರಲಿ.

ಬಾಗಿಲು. ಸಾಮಾನ್ಯ ಚಕ್ರದ ಕುರ್ಚಿ 25-26 ಇಂಚು ಅಗಲ ಇರುತ್ತದೆ. ಕೈ ತಾಗದೆ ಒಳಗೆ ಹೋಗಲು ಬಾಗಿಲು ತೆರೆದಾಗ 32 ಇಂಚಾದರೂ ಖಾಲಿ ಸಿಗಬೇಕು. ನಮ್ಮ ಕಡೆ ಹಳೆ ಮನೆಗಳ ಬಚ್ಚಲ ಬಾಗಿಲು ಎರಡಡಿ ಇದ್ದರೆ ಹೆಚ್ಚು. ಊರುಗೋಲಿನವರು ಅಡ್ಡ ತಿರುಗಿ ಹೋಗಬಹುದು, ಕುರ್ಚಿಯವರಿಗೆ ಆಗುವುದಿಲ್ಲ. ಬಾಗಿಲನ್ನೇ ತೆಗೆದು ಪರದೆ ಹಾಕಿದರೆ ಒಂದೂವರೆ ಇಂಚು ಸಿಗುತ್ತದೆ. ಒಂದೊಂದು ಸಲ ಅಷ್ಟೇ ಬೇಕಾಗಿರುತ್ತದೆ.

ಎಲ್ಲಿದೆ? ಹಿತ್ತಿಲಿನಲ್ಲಿ ಬೇರೆಯಾಗಿ ಕಟ್ಟಿದ ಬಚ್ಚಲು, ಪಾಯಿಖಾನೆ ಇರುವ ಮನೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ಇನ್ನೂ ಇದೆ. ಬೇಸಿಗೆಯಲ್ಲಿ ನೋಡಿದರೆ ನಾಲ್ಕು ಹೆಜ್ಜೆ. ಜುಲೈನಲ್ಲಿ ರಾತ್ರಿ ಎರಡು ಗಂಟೆಗೆ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೋಲು, ಕೊಡೆ ಹಿಡಿಯಲು ಕೈ ಇಲ್ಲ. ಮೊದಲ ಮನೆಯಲ್ಲಿ ನಾನು ಎರಡು ಸಲ ಬಿದ್ದದ್ದು ಹೀಗೆಯೇ.

ನೆಲ. ಚಿರೆಕಲ್ಲಿನ ಪಾವಟಿಗೆ, ಸಿಮೆಂಟಿನ ಅಂಗಳ ಎರಡರ ಮೇಲೂ ಮಳೆಗಾಲದಲ್ಲಿ ಪಾಚಿ ಬರುತ್ತದೆ. ಬೇಸಿಗೆಯಲ್ಲಿ ಮನೆ ನೋಡುವವರು ಅಂಗಳದಲ್ಲಿ ಕಪ್ಪು ಕಲೆ ಇದೆಯಾ ನೋಡಿ. ಅದು ಒಣಗಿದ ಪಾಚಿ. ಕೋಲಿನ ತುದಿಯ ರಬ್ಬರ್ ಬುಶ್ ಹೊಸದಿದ್ದರೂ ಅದರ ಮೇಲೆ ನಿಲ್ಲುವುದಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರೆ ಹೋಗುತ್ತದೆ, ಆದರೆ ಉಜ್ಜುವವರು ಯಾರು ಅಂತ ಮೊದಲೇ ಮಾತಾಗಬೇಕು.

ಮೆಟ್ಟಿಲು ಮತ್ತು ಹೊಸ್ತಿಲು. ಇಳಿಜಾರು ಅಂದರೆ ರ‍್ಯಾಂಪು ಮಾಡಿಸುವುದಕ್ಕೆ ಒಂದು ಸುಲಭ ಲೆಕ್ಕ ಇದೆ. ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಬೇಕು. ಆರಿಂಚಿನ ಒಂದು ಮೆಟ್ಟಿಲಿಗೆ ಆರಡಿ. ಒಂದೂವರೆ ಅಡಿ ಎತ್ತರದ ಜಗಲಿಗೆ ಹದಿನೆಂಟು ಅಡಿ, ಅಂಗಳವೇ ಸಾಲುವುದಿಲ್ಲ. "ಒಂದು ಹಲಗೆ ಹಾಕಿದ್ರೆ ಆಯ್ತಲ್ಲ" ಅನ್ನುವವರನ್ನು ನಂಬಬೇಡಿ. ಕಡಿದಾದ ಹಲಗೆಯಲ್ಲಿ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಒಂದೆರಡು ಮೆಟ್ಟಿಲಿನ ಮನೆ ಆದೀತು, ಎತ್ತರದ ಜಗಲಿ ಬೇಡ. ಹೊಸ್ತಿಲಿನ ವಿಷಯಕ್ಕೆ ಹೋಗಲೇಬೇಡಿ. ಪೂಜೆ ಮಾಡುವ ಹೊಸ್ತಿಲನ್ನು ಕೊಯ್ಯಲು ಯಾವ ಒಡೆಯರೂ ಒಪ್ಪುವುದಿಲ್ಲ. ಎರಡೂ ಬದಿಗೆ ಮರದ ಚಿಕ್ಕ ಇಳಿಜಾರು ತುಂಡು ಮಾಡಿಸಿ ಇಟ್ಟುಕೊಳ್ಳಿ. ಬೇಕಾದಾಗ ಎತ್ತಿಡಬಹುದು.

ನೀರು. ಬಾವಿ ಇದೆ ಅಂದರೆ ಸೇದುವವರು ಯಾರು? ಪಂಪು ಇದೆಯಾ, ಪಂಪಿನ ಕರೆಂಟು ಯಾರದ್ದು? ಕರಾವಳಿಯಲ್ಲಿ ಏಪ್ರಿಲ್, ಮೇನಲ್ಲಿ ಬಾವಿ ನೀರು ಉಪ್ಪಾಗುತ್ತದಾ ಕೇಳಿ. ಶಿರಸಿ ಕಡೆ ಬಚ್ಚಲ ಹಂಡೆಗೆ ಕಟ್ಟಿಗೆ ಉರಿ ಹಾಕಬೇಕಾದರೆ ಕಟ್ಟಿಗೆ ಎಲ್ಲಿದೆ, ಅಲ್ಲಿಂದ ತರಲಿಕ್ಕೆ ಆಗುತ್ತದಾ?

ಪಾಯಿಖಾನೆ ಭಾರತೀಯ ಪದ್ಧತಿಯದ್ದಾದರೆ ಮನೆ ಬಿಡಬೇಕಿಲ್ಲ. ಮೇಲೆ ಇಡುವ ಕಮೋಡ್ ಕುರ್ಚಿ ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಅದನ್ನು ಇಟ್ಟ ಮೇಲೆ ಬಾಗಿಲು ಮುಚ್ಚಲು ಜಾಗ ಇದೆಯಾ ಅಂತ ಅಳೆದು ನೋಡಿ.

ಕೊನೆಗೆ, ಸ್ಕೂಟರ್ ನಿಲ್ಲಿಸಲು ಮಾಡು, ಅಂದರೆ ಸೂರು, ಇದೆಯಾ? ಸಮುದ್ರದ ಬದಿ ಉಪ್ಪು ಗಾಳಿಗೆ ಪಕ್ಕದ ಚಕ್ರದ ಕಬ್ಬಿಣ ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ನನ್ನದು ಹಿಡಿದಿದೆ.

ಕಣ್ಣು ಕಾಣದವರು ಬಚ್ಚಲಿಗಿಂತ ಮೊದಲು ದಾರಿ ನೋಡಬೇಕು. ತೆರೆದ ಗಟಾರ, ಕಟ್ಟೆ ಇಲ್ಲದ ಬಾವಿ, ತಲೆಗೆ ತಾಗುವ ಮಾಡಿನ ಅಂಚು. ಕಿವಿ ಕೇಳದವರು ಕರೆಗಂಟೆಗೆ ಒಂದು ಲೈಟು ಜೋಡಿಸಲು ಒಪ್ಪುತ್ತಾರಾ ಕೇಳಿ. ಎಲೆಕ್ಟ್ರಿಷಿಯನ್‌ಗೆ ಅದು ಅರ್ಧ ಗಂಟೆ ಕೆಲಸ.

7. ಬಾಡಿಗೆ ಮಾತು

ಬಾಡಿಗೆ ಇಳಿಸಲು ಜಾಸ್ತಿ ಹಟ ಮಾಡಬೇಡಿ, ಅಡ್ವಾನ್ಸ್ ಇಳಿಸಲು ಮಾಡಿ. ನಮಗೆ ಕಷ್ಟ ಒಟ್ಟಿಗೆ ಕೊಡುವ ದೊಡ್ಡ ಮೊತ್ತ. "ಅರ್ಧ ಈಗ, ಉಳಿದದ್ದು ಮೂರು ತಿಂಗಳಲ್ಲಿ" ಅಂದರೆ ಎಷ್ಟೋ ಜನ ಒಪ್ಪುತ್ತಾರೆ. ಬಾಡಿಗೆ ತಾರೀಕನ್ನು ಒಂದಕ್ಕೆ ಒಪ್ಪಿಕೊಳ್ಳಬೇಡಿ, ಹತ್ತರೊಳಗೆ ಅನ್ನಿ.

ಭೋಗ್ಯಕ್ಕೆ ಕೊಡುತ್ತೇನೆ ಅಂತ ಕೆಲವರು ಹೇಳುತ್ತಾರೆ. ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಇಲ್ಲದೆ ಇರುವುದು. ಕೇಳಲು ಚೆನ್ನ. ಆದರೆ ಸಾಲ ತಂದು ಭೋಗ್ಯ ಹಾಕಿದರೆ ಬಡ್ಡಿಯೇ ಬಾಡಿಗೆ ಆಗುತ್ತದೆ. ಮನೆಯ ಮೇಲೆ ಬ್ಯಾಂಕಿನ ಸಾಲ ಇದ್ದರೆ ನಮ್ಮ ದುಡ್ಡು ವಾಪಸ್ ಬರುವುದೂ ಕಷ್ಟ. ನಾನಾದರೆ ಹೋಗುವುದಿಲ್ಲ.

ಹಿಡಿಕೆ ಹಾಕಿಸುವುದು, ರ‍್ಯಾಂಪು ಮಾಡಿಸುವುದು ಎಲ್ಲ ಇದೇ ಹಂತದಲ್ಲಿ ಕೇಳಬೇಕು, ಮನೆಗೆ ಬಂದ ಮೇಲಲ್ಲ. "ಖರ್ಚು ನಂದು, ಬಿಡುವಾಗ ತೆಗೆದು ಗೋಡೆ ಸರಿ ಮಾಡಿ ಕೊಡ್ತೆ" ಅಂದರೆ ಇಲ್ಲ ಅನ್ನುವವರು ಕಡಿಮೆ. ಬಚ್ಚಲಲ್ಲಿ ಹಿಡಿಕೆ ನೆಲದಿಂದ ಎರಡೂವರೆ ಅಡಿ ಆಸುಪಾಸು ಇರಲಿ. ಚಿರೆಕಲ್ಲಿನ ಗೋಡೆಯಲ್ಲಿ ಸಣ್ಣ ಮೊಳೆ ನಿಲ್ಲುವುದಿಲ್ಲ. ಉದ್ದದ ಆಂಕರ್ ಬೋಲ್ಟ್ ಹಾಕಿಸಿ, ನಿಮ್ಮ ಪೂರ್ತಿ ಭಾರ ಬಿಟ್ಟು ಜಗ್ಗಿ ನೋಡಿದ ಮೇಲೆಯೇ ಮೇಸ್ತ್ರಿಗೆ ದುಡ್ಡು ಕೊಡಿ.

8. ಕರಾರು ಪತ್ರ

"ಗೊತ್ತಿದ್ದವರೇ ಅಲ್ವಾ, ಕಾಗದ ಯಾಕೆ?" ಅನ್ನುತ್ತಾರೆ. ಗೊತ್ತಿದ್ದವರ ಜೊತೆಗೇ ಕಾಗದ ಬೇಕು. ಮನೆಯವರು ತೀರಿಕೊಂಡರೆ ಮಗ ಬೆಂಗಳೂರಿನಿಂದ ಬರುತ್ತಾನೆ, ಅವನಿಗೆ ನಮ್ಮ ಮಾತುಕತೆ ಏನು ಗೊತ್ತು?

ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಮನೆ ಕೊಟ್ಟರೆ ಪತ್ರವನ್ನು ನೋಂದಣಿ ಮಾಡಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಯುವುದು. ಇ-ಸ್ಟ್ಯಾಂಪ್ ಕಾಗದ ಪೇಟೆಯ ಎಷ್ಟೋ ಸೌಹಾರ್ದ ಸಹಕಾರಿ ಸಂಘಗಳಲ್ಲಿ ಸಿಗುತ್ತದೆ. ಟೈಪ್ ಮಾಡುವವರ ಹತ್ತಿರ ಸಿದ್ಧ ನಮೂನೆ ಇರುತ್ತದೆ. ಅದಕ್ಕೆ ನಮ್ಮದಾದ ನಾಲ್ಕು ಸಾಲು ಸೇರಿಸಬೇಕು. ನನ್ನ ಪತ್ರದಲ್ಲಿ ಇರುವುದು ಹೀಗೆ:

"ಬಾಡಿಗೆದಾರರು ವಿಕಲಚೇತನರಾಗಿದ್ದು, ಬಚ್ಚಲು ಮತ್ತು ಪಾಯಿಖಾನೆಯಲ್ಲಿ ಹಿಡಿಕೆಗಳನ್ನು, ಮುಂಬಾಗಿಲಿನಲ್ಲಿ ಇಳಿಜಾರನ್ನು ಸ್ವಂತ ಖರ್ಚಿನಲ್ಲಿ ಹಾಕಿಸಿಕೊಳ್ಳಲು ಮಾಲೀಕರು ಒಪ್ಪಿರುತ್ತಾರೆ. ಮನೆ ಬಿಡುವಾಗ ಅವುಗಳನ್ನು ತೆಗೆದುಕೊಂಡು ಹೋಗಬಹುದು. ವಾಹನ ನಿಲ್ಲಿಸಲು ಮನೆಯ ಎಡಬದಿಯ ಮಾಡಿನ ಕೆಳಗಿನ ಜಾಗವನ್ನು ಬಿಟ್ಟುಕೊಟ್ಟಿರುತ್ತಾರೆ. ಮನೆ ಬಿಡಿಸುವುದಾದರೆ ಎರಡು ತಿಂಗಳು ಮುಂಚಿತವಾಗಿ ತಿಳಿಸತಕ್ಕದ್ದು."

ಎರಡು ತಿಂಗಳು ಯಾಕೆ ಅಂದರೆ ನಮಗೆ ಮನೆ ಹುಡುಕಲು ಉಳಿದವರ ಎರಡು ಪಟ್ಟು ಹೊತ್ತು ಬೇಕು. ಅಡ್ವಾನ್ಸ್ ಎಷ್ಟು, ಸುಣ್ಣ-ಬಣ್ಣಕ್ಕೆ ಎಷ್ಟು ಹಿಡಿದುಕೊಳ್ಳುತ್ತಾರೆ, ಬಾಡಿಗೆ ವರ್ಷಕ್ಕೆ ಎಷ್ಟು ಏರುತ್ತದೆ, ಎಲ್ಲ ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ. ಒಂದು ಪ್ರತಿ ನಿಮ್ಮ ಹತ್ತಿರ. ನಗದು ಕೊಟ್ಟರೆ ಒಂದು ನೋಟ್‌ಬುಕ್ಕಿನಲ್ಲಿ ಸಹಿ. ಫೋನ್‌ಪೇ ಆದರೆ "ಬಾಡಿಗೆ, ಜೂನ್" ಅಂತ ಬರೆದು ಕಳಿಸಿ.

9. ಬಂದ ತಿಂಗಳೊಳಗೆ ಮಾಡುವ ಓಡಾಟ

ಕರೆಂಟಿನದ್ದು ಮೊದಲು. ಉಚಿತ ಕರೆಂಟಿನ ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು. ಮನೆಯ ಆರ್‌ಆರ್ ನಂಬರಿಗೆ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ) ನಿಮ್ಮ ಆಧಾರ್ ಜೋಡಿಸಬೇಕು, ಕರಾರು ಪತ್ರ ಅದಕ್ಕೂ ಬೇಕಾಗುತ್ತದೆ. ಹಳೆಯ ಬಾಡಿಗೆದಾರರ ಆಧಾರ್ ಇನ್ನೂ ಅದೇ ಮೀಟರಿಗೆ ಅಂಟಿಕೊಂಡಿದ್ದರೆ ನಿಮ್ಮದು ಸೇರುವುದಿಲ್ಲ. ಅದನ್ನು ಬಿಡಿಸಲು ಅವರಿಗೇ ಹೇಳಬೇಕು. ಹೆಸ್ಕಾಂ ಕಚೇರಿಗೆ ಹೋಗುವ ಮುಂಚೆ 1912ಕ್ಕೆ ಫೋನ್ ಮಾಡಿ ಕೇಳಿ. ಮನೆ ನೋಡುವಾಗಲೇ ಮೀಟರ್ ಬೇರೆ ಇದೆಯಾ ನೋಡಿಕೊಳ್ಳಿ. ಮಾಲೀಕರ ಮನೆಗೂ ನಿಮಗೂ ಒಂದೇ ಮೀಟರ್ ಅಂದರೆ 200 ಯೂನಿಟ್ಟಿನ ಲಾಭ ಅವರ ಬಿಲ್ಲಿಗೆ ಹೋಗಿ, ನಿಮ್ಮಿಂದ "ಕರೆಂಟಿಗೆ ಇಷ್ಟು" ಅಂತ ಬೇರೆ ತೆಗೆದುಕೊಳ್ಳುತ್ತಾರೆ.

ಪಿಂಚಣಿಯ ವಿಳಾಸ ಮರೆಯಬೇಡಿ. ಫಲಾನುಭವಿಗಳು ಅದೇ ವಿಳಾಸದಲ್ಲಿ ಇದ್ದಾರಾ ಅಂತ ಪರಿಶೀಲನೆಗೆ ಬರುತ್ತಾರೆ. ಸಿಗದಿದ್ದರೆ ನಿಂತುಹೋಗುತ್ತದೆ. ನನಗೆ ಹಾಗೆ ಮೂರು ತಿಂಗಳು ನಿಂತು, ಮತ್ತೆ ಶುರು ಮಾಡಿಸಲು ಸಾಕುಸಾಕಾಯಿತು. ತಾಲೂಕು ಬದಲಾದರೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬ್ಯಾಂಕ್ ಖಾತೆ ಮಾತ್ರ ಹಳೆಯದೇ ಇರಲಿ. ಊರು ಬದಲಿಸಿದ ಕೂಡಲೇ ಖಾತೆಯನ್ನೂ ಬದಲಿಸಿದರೆ ಎರಡು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ.

ಬಸ್ ಪಾಸಿನದ್ದೂ ವಿಳಾಸಕ್ಕೆ ಸಂಬಂಧ ಇದೆ. ವಿಕಲಚೇತನರ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿ.ಮೀ. ಒಳಗೆ ನಡೆಯುತ್ತದೆ. ಕಾರವಾರದ ವಿಳಾಸಕ್ಕೆ ಮಾಡಿಸಿದರೆ ಭಟ್ಕಳದವರೆಗೆ ಹೋಗುವುದಿಲ್ಲ. ಊರಿನ ನೆಂಟರು ಎಲ್ಲಿದ್ದಾರೆ, ಆಸ್ಪತ್ರೆ ಎಲ್ಲಿದೆ ನೋಡಿಕೊಂಡು ಮನೆ ಹುಡುಕುವಾಗಲೇ ಇದನ್ನು ಯೋಚಿಸಬೇಕು.

10. ಜಗಳ ಬಂದರೆ

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದ್ದು. ನಾಲ್ಕು ಜನರ ಎದುರು ಬೇಕೆಂದೇ ಅಂಗವೈಕಲ್ಯ ಎತ್ತಿ ಅವಮಾನ ಮಾಡಿದರೆ ಅದರ 92ನೇ ಕಲಮಿನಡಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಆದರೆ "ಮನೆ ಕೊಡುವುದಿಲ್ಲ" ಅಂದವರಿಂದ ಕಾನೂನು ಹಿಡಿದು ಮನೆ ತೆಗೆದುಕೊಳ್ಳುವ ದಾರಿಯನ್ನು ನಾನಂತೂ ಕಂಡಿಲ್ಲ. ಆ ಶಕ್ತಿಯನ್ನು ಮುಂದಿನ ಮನೆಗೆ ಇಟ್ಟುಕೊಳ್ಳಿ.

ಒಳಗೆ ಇರುವಾಗ ಹೊರಗೆ ಹಾಕಲು ನೋಡಿದರೆ ಕಥೆ ಬೇರೆ. ಬಾಡಿಗೆ ತಕರಾರು ಇದೆ ಅಂತ ಕರೆಂಟು, ನೀರು ಕಡಿಯುವ ಹಕ್ಕು ಮನೆಯವರಿಗೆ ಇಲ್ಲ. ಸಾಮಾನು ಹೊರಗೆ ಎಸೆಯುವ ಹಕ್ಕೂ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ವಿಕಲಚೇತನರಿಗೆ ಉಚಿತ ವಕೀಲರು ಸಿಗುತ್ತಾರೆ. ಕಾರವಾರದಲ್ಲಿ ಜಿಲ್ಲಾ ಪ್ರಾಧಿಕಾರ ಇದೆ, ತಾಲೂಕು ಕೋರ್ಟುಗಳಲ್ಲಿ ತಾಲೂಕು ಸಮಿತಿ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಕುಮಟಾದಲ್ಲಿ ಅಡ್ವಾನ್ಸ್ ವಾಪಸ್ ಕೊಡದೆ ಸತಾಯಿಸಿದಾಗ ನಾನು ಹೀಗೆ ಒಂದು ನೋಟಿಸು ಕೊಡಿಸಿದೆ. ಕೋರ್ಟಿಗೆ ಹೋಗಲಿಲ್ಲ. ನೋಟಿಸು ಮುಟ್ಟಿದ ವಾರಕ್ಕೆ ದುಡ್ಡು ಬಂತು.

ಮನೆ ಬಿಡುವ ದಿನ ಎಲ್ಲ ಕೋಣೆಯ ಫೋಟೋ ತೆಗೆಯಿರಿ. ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿ, ಮುಂದೆ ಬರುವವರಿಗೆ ತೊಂದರೆ ಆಗದಿರಲಿ. ಹಿಡಿಕೆ ಕಳಚಿ, ತೂತಿಗೆ ಸಿಮೆಂಟು ತುಂಬಿಸಿ, ಮನೆಯವರಿಂದ "ಬಾಡಿಗೆ ಬಾಕಿ ಇಲ್ಲ" ಅನ್ನುವ ಆ ನಾಲ್ಕು ಸಾಲಿನ ಚೀಟಿ ಬರೆಸಿಕೊಳ್ಳಿ. ನನ್ನ ಬಚ್ಚಲ ಹಿಡಿಕೆ ಸ್ಟೀಲಿನದ್ದು. ಎರಡನೇ ಮನೆಯಲ್ಲಿ ಹಾಕಿಸಿದ್ದು, ಈಗ ನಾಲ್ಕನೇ ಗೋಡೆಯಲ್ಲಿದೆ.